31ನೇ ವಾರದಲ್ಲಿ ಬಿಪಿ 142/88: ಇದನ್ನು ಹೇಗೆ ಓದಬೇಕು, ತಾಯಿ-ಮಗುವಿಗೆ ಏನೇನು ನೋಡಬೇಕು?

ಹೊಸಚಿಗುರು

ಗರ್ಭಿಣಿಯರ ತಪಾಸಣೆ ಮಾಡುವ ಕಾರ್ಯಕರ್ತೆಯರ ತರಬೇತಿಗೆ ಒಂದು ಕಲ್ಪಿತ ಉದಾಹರಣೆ ಇಡುತ್ತಿದ್ದೇನೆ. ಚೊಚ್ಚಲ ಬಸುರಿ, 31 ವಾರ. ಬಂದು ಕೂತ ಕೂಡಲೇ ಬಿಪಿ 142/88, ಹತ್ತು ನಿಮಿಷ ಬಿಟ್ಟು ನೋಡಿದರೆ 136/84. 12ನೇ ವಾರದಲ್ಲಿ 110/70 ಇತ್ತು. ಮೂತ್ರಕ್ಕೆ ಅದ್ದಿ ನೋಡುವ ಪಟ್ಟಿಯಲ್ಲಿ ಪ್ರೋಟೀನ್ "ಟ್ರೇಸ್", ಅಂದರೆ ಇದ್ದೂ ಇಲ್ಲದಷ್ಟು. ಪಾದ ಸ್ವಲ್ಪ ಊದಿದೆ. ತಲೆನೋವು, ಹೊಟ್ಟೆನೋವು ಯಾವುದೂ ಇಲ್ಲ.

ಇದಕ್ಕೆ "ಬಿಪಿ ಇದೆ" ಅನ್ನಬೇಕೇ, ಬೇಡವೇ? ಮುಂದೇನು? "ರೆಸ್ಟ್ ತಗೊಳ್ಳಿ, ಉಪ್ಪು ಬಿಡಿ" ಅನ್ನುವ ಉತ್ತರ ಬಿಟ್ಟು ಬೇರೆ ಹೇಳಿ ದಯವಿಟ್ಟು.

ಪಾದರಸ

ಮೊದಲು ಆ 142 ನಿಜವೋ ಅಂತ ನೋಡೋಣ. "ಬಂದು ಕೂತ ಕೂಡಲೇ" ನೋಡಿದ ಬಿಪಿಯನ್ನು ನಂಬುವಂತಿಲ್ಲ. ಕನಿಷ್ಠ ಐದು ನಿಮಿಷ ಸುಮ್ಮನೆ ಕೂತಿರಬೇಕು. ಬೆನ್ನಿಗೆ ಆಸರೆ, ಎರಡೂ ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಹಾಕಬಾರದು, ಮೂತ್ರಕ್ಕೆ ಹೋಗಿ ಬಂದಿರಬೇಕು, ಅಳೆಯುವಾಗ ಮಾತು ಬೇಡ. ಈ ಕೊನೆಯದನ್ನು ಯಾರೂ ಪಾಲಿಸುವುದಿಲ್ಲ. ತೋಳಿಗೆ ಸುತ್ತಿದ ಕಫ್ (ಬಿಪಿ ಯಂತ್ರದ ಪಟ್ಟಿ) ಉಬ್ಬುತ್ತಿರುವಾಗಲೇ "ಮಗು ಓಡಾಡ್ತಿದೆಯಾ?" ಅಂತ ಕೇಳುವವರೇ ಹೆಚ್ಚು.

ಆಮೇಲೆ ಕಫ್ ಅಳತೆ. ಕಫ್ ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ನೂರಕ್ಕೆ 80 ಭಾಗದಷ್ಟಾದರೂ ಸುತ್ತಿಕೊಳ್ಳಬೇಕು. ತೋಳು 33 ಸೆಂ.ಮೀ. ದಾಟಿದ್ದರೆ ದೊಡ್ಡ ಕಫ್ ಬೇಕೇ ಬೇಕು, ಚಿಕ್ಕದನ್ನು ಬಿಗಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ಟೇಪ್ ಒಂದು ಮೇಜಿನ ಮೇಲೆ ಇರಲಿ.

ಇನ್ನೊಂದು, ಇದು ಉಲ್ಟಾ ತಪ್ಪು: ಗರ್ಭಿಣಿಯನ್ನು ಎಡಮಗ್ಗುಲಿಗೆ ಮಲಗಿಸಿ ಮೇಲಿರುವ ಬಲಗೈಯಲ್ಲಿ ನೋಡುವುದು. ಕೈ ಹೃದಯಕ್ಕಿಂತ 10 ಸೆಂ.ಮೀ. ಮೇಲಿದ್ದರೆ ಸುಮಾರು 8 ಮಿ.ಮೀ. ಕಡಿಮೆ ಬರುತ್ತದೆ. "ಮಲಗಿಸಿದ ಮೇಲೆ ಬಿಪಿ ಇಳಿಯಿತು" ಅಂತ ಮನೆಗೆ ಕಳಿಸುತ್ತಾರೆ. ಇಳಿದದ್ದು ಬಿಪಿ ಅಲ್ಲ, ಅಂಕಿ.

ಕೈಯಿಂದ ಅಳೆಯುವ ಯಂತ್ರವಾದರೆ ಸೆಕೆಂಡಿಗೆ 2 ಮಿ.ಮೀ. ವೇಗದಲ್ಲಿ ಇಳಿಸಿ, ಶಬ್ದ ಪೂರ್ತಿ ನಿಂತ ಜಾಗವನ್ನು ಕೆಳಗಿನ ಅಂಕಿ ಎಂದು ಬರೆಯಿರಿ. ದಾಖಲೆ ಪುಸ್ತಕದ ತುಂಬ 120/80, 130/80, 140/90 ಇದ್ದರೆ ಅಲ್ಲಿ ಯಾರೂ ಸರಿಯಾಗಿ ಅಳೆಯುತ್ತಿಲ್ಲ ಅಂತಲೇ ಅರ್ಥ. ಮೊದಲ ಭೇಟಿಯಲ್ಲಿ ಎರಡೂ ಕೈ ನೋಡಿ, ಹೆಚ್ಚು ಬಂದ ಕೈಯನ್ನೇ ಕೊನೆವರೆಗೂ ಬಳಸಿ.

ತುಂಬುತಿಂಗಳು

ಪಾದರಸ ಮೇಡಂ ಹೇಳಿದ ಹಾಗೆ ಸರಿಯಾಗಿ ಅಳೆದದ್ದು ಅಂತಲೇ ಇಟ್ಟುಕೊಂಡು ಹೇಳುತ್ತೇನೆ.

ಗೆರೆ ಇರುವುದು 140/90ರಲ್ಲಿ. ಎರಡರಲ್ಲಿ ಒಂದು ಅಂಕಿ ದಾಟಿದರೂ ಸಾಕು, ಆದರೆ ಕನಿಷ್ಠ ನಾಲ್ಕು ಗಂಟೆ ಅಂತರದಲ್ಲಿ ಎರಡು ಸಲ ದಾಟಿರಬೇಕು. ಹತ್ತು ನಿಮಿಷದ ಅಂತರದ 136/84 ಇಟ್ಟುಕೊಂಡು "ಬಿಪಿ ಇಲ್ಲ" ಎನ್ನುವುದೂ ತಪ್ಪು, ಮೊದಲ 142 ಇಟ್ಟುಕೊಂಡು "ಇದೆ" ಎನ್ನುವುದೂ ತಪ್ಪು. ಅದೇ ದಿನ ನಾಲ್ಕು ಗಂಟೆ ಬಿಟ್ಟು ನೋಡಿ, ಆಗದಿದ್ದರೆ ಮರುದಿನ. "ಮುಂದಿನ ತಿಂಗಳ ತಪಾಸಣೆಗೆ ಬನ್ನಿ" ಅಂತ ಮಾತ್ರ ಹೇಳಬೇಡಿ. 160/110 ಮುಟ್ಟಿದರೆ ಈ ನಾಲ್ಕು ಗಂಟೆಯ ಲೆಕ್ಕವೇ ಇಲ್ಲ, 15 ನಿಮಿಷದಲ್ಲಿ ಮತ್ತೆ ನೋಡಿ ಚಿಕಿತ್ಸೆ ಶುರು.

ಹೆಸರಿಡುವ ಕ್ರಮ ಹೀಗೆ. ಗರ್ಭ ಧರಿಸುವ ಮೊದಲೇ ಅಥವಾ 20 ವಾರದೊಳಗೆ ಕಂಡರೆ ಹಳೆಯ ಬಿಪಿ. 20 ವಾರದ ನಂತರ ಹೊಸದಾಗಿ ಬಂದು, ಬೇರೆ ಯಾವ ಅಂಗಕ್ಕೂ ತೊಂದರೆ ಇಲ್ಲದಿದ್ದರೆ ಗರ್ಭಾವಸ್ಥೆಯ ಬಿಪಿ. ಅದರ ಜೊತೆ ಮೂತ್ರದಲ್ಲಿ ಪ್ರೋಟೀನ್, ಅಥವಾ ಕಿಡ್ನಿ, ಲಿವರ್, ಪ್ಲೇಟ್‌ಲೆಟ್, ಮೆದುಳು, ಶ್ವಾಸಕೋಶ ಇವುಗಳಲ್ಲಿ ಯಾವುದಾದರೊಂದು ಕೆಟ್ಟರೆ ಪ್ರೀ-ಎಕ್ಲಾಂಪ್ಸಿಯ. ಪ್ರೋಟೀನ್ ಇಲ್ಲದೆಯೂ ಪ್ರೀ-ಎಕ್ಲಾಂಪ್ಸಿಯ ಇರಬಹುದು. ಹಳೆಯ ಪುಸ್ತಕ ಓದಿದವರು ಇಲ್ಲೇ ಎಡವುತ್ತಾರೆ. ಪಾದದ ಊತ ಈಗ ಲಕ್ಷಣದ ಪಟ್ಟಿಯಲ್ಲೇ ಇಲ್ಲ, ಬಿಪಿ ಇಲ್ಲದ ಬಸುರಿಯರಿಗೂ ಅದು ಬರುತ್ತದೆ. ಮುಖ, ಕೈಬೆರಳು ದಿಢೀರನೆ ಊದಿದರೆ, ವಾರಕ್ಕೆ ಒಂದು ಕಿಲೋ ದಾಟಿ ತೂಕ ಏರಿದರೆ ಬಿಪಿ ನೋಡಲು ಅದೊಂದು ಕಾರಣ, ಅಷ್ಟೆ.

ಒಂದು ಬಲೆ ಇದೆ. ಗರ್ಭದ ಮೊದಲ ಅರ್ಧದಲ್ಲಿ ಬಿಪಿ ಸಹಜವಾಗಿ ಇಳಿಯುತ್ತದೆ. 16ರಿಂದ 20 ವಾರದ ಹೊತ್ತಿಗೆ ತೀರ ಕೆಳಗಿರುತ್ತದೆ, ಕೊನೆಯ ಮೂರು ತಿಂಗಳಲ್ಲಿ ಮತ್ತೆ ಹಳೆಯ ಮಟ್ಟಕ್ಕೆ ಏರುತ್ತದೆ. ಹಾಗಾಗಿ ಮೊದಲ ತಪಾಸಣೆಗೆ 18ನೇ ವಾರದಲ್ಲಿ ಬಂದವರ ಹಳೆಯ ಬಿಪಿ ಮುಚ್ಚಿಹೋಗಿ, 32ರಲ್ಲಿ "ಹೊಸದಾಗಿ ಬಂತು" ಎಂದು ಕಾಣಬಹುದು. ನಿಮ್ಮ ಉದಾಹರಣೆಯಲ್ಲಿ 12ನೇ ವಾರದ ಅಂಕಿ ಇರುವುದು ಪುಣ್ಯ.

ಈಕೆಗೆ ಅದೇ ದಿನ ಪ್ಲೇಟ್‌ಲೆಟ್ ಎಣಿಕೆ, ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ), ಲಿವರ್ ಎಂಜೈಮ್, ಮೂತ್ರದ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ ಕಳಿಸಿ.

ಲೆಕ್ಕಪತ್ರ

ಆ "ಟ್ರೇಸ್" ಬಗ್ಗೆ. ಪಟ್ಟಿ ಅಳೆಯುವುದು ಮೂತ್ರದ ಸಾಂದ್ರತೆಯನ್ನು, ದಿನವಿಡೀ ಸೋರಿದ ಒಟ್ಟು ಮೊತ್ತವನ್ನಲ್ಲ. 1+ ಅಂದರೆ ಸುಮಾರು 30 ಮಿ.ಗ್ರಾಂ./ಡೆಸಿಲೀಟರ್, 2+ ಅಂದರೆ 100, 3+ ಅಂದರೆ 300. ನೀರು ಕಡಿಮೆ ಕುಡಿದವಳ ಗಟ್ಟಿ ಮೂತ್ರ ಸುಮ್ಮಸುಮ್ಮನೆ 1+ ತೋರಿಸುತ್ತದೆ. ಬಿಳಿಸೆರಗು ಬೆರೆತರೆ, ಮೂತ್ರ ಕ್ಷಾರವಾಗಿದ್ದರೆ ಕೂಡ ಹಾಗೆಯೇ. ತುಂಬ ನೀರು ಕುಡಿದು ಬಂದವಳಲ್ಲಿ ನಿಜವಾದ ಪ್ರೋಟೀನ್ ತಪ್ಪಿಹೋಗುತ್ತದೆ. ಮಧ್ಯಧಾರೆಯ ಮೂತ್ರ ಹಿಡಿಯಬೇಕು, ಡಬ್ಬದ ಮೇಲೆ ಬರೆದಷ್ಟೇ ಸೆಕೆಂಡಿಗೆ ಬಣ್ಣ ಓದಬೇಕು, ಡಬ್ಬದ ಮುಚ್ಚಳ ತೆರೆದಿಡಬಾರದು. ತೇವ ತಗುಲಿದ ಪಟ್ಟಿ ಏನನ್ನಾದರೂ ಹೇಳುತ್ತದೆ.

ಖಚಿತ ಮಾಡಲು ಅನುಪಾತ 0.3 ಅಥವಾ 24 ಗಂಟೆಯ ಮೂತ್ರದಲ್ಲಿ 300 ಮಿ.ಗ್ರಾಂ. ಇವೆರಡೂ ಸಿಗದ ಕಡೆ ಪಟ್ಟಿಯಲ್ಲಿ 2+. ಒಮ್ಮೆ ಖಚಿತವಾದ ಮೇಲೆ ದಿನಾ ಪ್ರೋಟೀನ್ ಅಳೆಯುತ್ತ ಕೂರುವುದು ದಂಡ. 3 ಗ್ರಾಂ 5 ಗ್ರಾಂ ಆಯಿತು ಅಂತ ಮಾತ್ರಕ್ಕೆ ಹೆರಿಗೆ ಮಾಡಿಸುವುದಿಲ್ಲ.

ರಕ್ತ ಪರೀಕ್ಷೆಯ ವರದಿಯಲ್ಲಿ ಅಚ್ಚಾಗಿರುವ "ನಾರ್ಮಲ್" ಮಿತಿಗಳು ಬಸುರಿಯರದ್ದಲ್ಲ ಎಂಬುದನ್ನೂ ಹೇಳಿಕೊಡಿ. ಗರ್ಭದಲ್ಲಿ ಕಿಡ್ನಿ ಹೆಚ್ಚು ಸೋಸುವುದರಿಂದ ಕ್ರಿಯಾಟಿನಿನ್ 0.4-0.8ರ ಆಸುಪಾಸು ಇರುತ್ತದೆ. 1.1 ದಾಟಿದರೆ ಕಿಡ್ನಿಗೆ ಪೆಟ್ಟು ಬಿದ್ದಿದೆ, ಆದರೆ ವರದಿಯಲ್ಲಿ ಅದರ ಪಕ್ಕ ನಕ್ಷತ್ರ ಚಿಹ್ನೆ ಇರುವುದಿಲ್ಲ. ಆಲ್ಕಲೈನ್ ಫಾಸ್ಫಟೇಸ್ ಏರಿದ್ದು ನೋಡಿ ಲಿವರ್ ಹೋಯಿತು ಅಂತ ಗಾಬರಿ ಬೇಡ, ಅದು ಮಾಸಿನಿಂದಲೇ ಬರುತ್ತದೆ. ಲಿವರ್ ಎಂಜೈಮ್‌ಗಳಾದ ಎಸ್‌ಜಿಒಟಿ, ಎಸ್‌ಜಿಪಿಟಿ ಮೇಲ್ಮಿತಿಯ ಎರಡು ಪಟ್ಟು ದಾಟಿದೆಯೇ ನೋಡಿ. ಹಿಮೋಗ್ಲೋಬಿನ್ ಒಂದೇ ವಾರದಲ್ಲಿ 10.8ರಿಂದ 12.6ಕ್ಕೆ ಏರಿದರೆ ಕಬ್ಬಿಣದ ಮಾತ್ರೆ ಕೆಲಸ ಮಾಡಿತು ಅಂತ ಸಂತೋಷಪಡುವ ಮೊದಲು ಬಿಪಿ ನೋಡಿ. ರಕ್ತನಾಳದಿಂದ ನೀರಿನಂಶ ಹೊರಗೆ ಸೋರಿ ರಕ್ತ ಗಟ್ಟಿಯಾದರೂ ಅಂಕಿ ಹೀಗೇ ಏರುತ್ತದೆ.

ಹೊಸಚಿಗುರು

ತುಂಬ ಉಪಯೋಗವಾಯಿತು. ಬಿಪಿ ತಾಯಿಗೆ ಬಂದರೆ ಮಗು ಏಕೆ ಸಣ್ಣದಾಗುತ್ತದೆ ಎಂದು ಕಾರ್ಯಕರ್ತೆಯರು ಕೇಳುತ್ತಾರೆ. "ರಕ್ತ ಕಡಿಮೆ ಹೋಗುತ್ತೆ" ಅಂದರೆ, "ಬಿಪಿ ಜಾಸ್ತಿ ಇದ್ದರೆ ರಕ್ತ ಜಾಸ್ತಿ ಹೋಗಬೇಕಲ್ಲ?" ಅಂತ ಮರುಪ್ರಶ್ನೆ.

ತುಂಬುತಿಂಗಳು

ಒಳ್ಳೆಯ ಪ್ರಶ್ನೆ, ಅದಕ್ಕೆ ಉತ್ತರ ಸಿಕ್ಕರೆ ಉಳಿದದ್ದೆಲ್ಲ ತಾನಾಗಿ ಹೊಂದಿಕೊಳ್ಳುತ್ತದೆ.

ಗರ್ಭಕೋಶದ ಗೋಡೆಯೊಳಗೆ ಸುರುಳಿಯಾಕಾರದ ಸಣ್ಣ ರಕ್ತನಾಳಗಳಿವೆ. ಗರ್ಭದ ಮೊದಲ ಅರ್ಧದಲ್ಲಿ ಮಾಸಿನ ಜೀವಕೋಶಗಳು ಈ ನಾಳಗಳೊಳಗೆ ನುಗ್ಗಿ, ಅವುಗಳ ಗೋಡೆಯ ಸ್ನಾಯುವನ್ನು ತೆಗೆದುಹಾಕಿ, ಬಾಯಿಯನ್ನು ಹಲವು ಪಟ್ಟು ಅಗಲ ಮಾಡುತ್ತವೆ. ಅಗಲವಾದ ಬಾಯಿಂದ ರಕ್ತ ನಿಧಾನವಾಗಿ, ಧಾರಾಳವಾಗಿ ಮಾಸಿನೊಳಗೆ ಹರಡಿಕೊಳ್ಳುತ್ತದೆ. ಪ್ರೀ-ಎಕ್ಲಾಂಪ್ಸಿಯದಲ್ಲಿ, ಅದರಲ್ಲೂ 34 ವಾರಕ್ಕೆ ಮೊದಲೇ ಬರುವ ಬಗೆಯಲ್ಲಿ, ಈ ಕೆಲಸ ಅರ್ಧಕ್ಕೇ ನಿಂತಿರುತ್ತದೆ. ನಾಳ ಕಿರಿದಾಗಿಯೇ ಉಳಿಯುತ್ತದೆ, ಸ್ನಾಯು ಬಿಗಿಯಾಗುತ್ತ ಸಡಿಲವಾಗುತ್ತ ಇರುತ್ತದೆ, ರಕ್ತ ಸಣ್ಣ ಬಾಯಿಂದ ರಭಸವಾಗಿ ಚಿಮ್ಮಿ ಮಾಸಿನ ನವಿರಾದ ಕವಲುಗಳನ್ನೇ ಹಾಳುಮಾಡುತ್ತದೆ.

ಆಮ್ಲಜನಕ ಸಾಲದ ಮಾಸು ಕೆಲವು ಪ್ರೋಟೀನುಗಳನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಮುಖ್ಯವಾದದ್ದು ಎಸ್‌ಫ್ಲಿಟ್-1. ರಕ್ತನಾಳದ ಒಳಪದರವನ್ನು ಆರೋಗ್ಯವಾಗಿಡುವ ಅಂಶಗಳನ್ನು ಇದು ಹಿಡಿದುಕೊಂಡುಬಿಡುತ್ತದೆ. ಆಗ ಒಳಪದರ ಎಲ್ಲೆಡೆ ಕೆಡುತ್ತದೆ. ನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ. ಕಿಡ್ನಿಯಲ್ಲಿ ಸೋರಿದರೆ ಮೂತ್ರಕ್ಕೆ ಪ್ರೋಟೀನ್, ಶ್ವಾಸಕೋಶದಲ್ಲಿ ಸೋರಿದರೆ ಉಬ್ಬಸ, ಮೆದುಳಿನಲ್ಲಾದರೆ ಫಿಟ್ಸ್, ಲಿವರ್‌ನಲ್ಲಾದರೆ ಮೇಲ್ಹೊಟ್ಟೆ ನೋವು.

ಅಂದರೆ ಬಿಪಿ ಏರಿದ್ದರಿಂದ ಮಾಸು ಕೆಟ್ಟದ್ದಲ್ಲ, ಮಾಸು ಕೆಟ್ಟದ್ದರಿಂದ ಬಿಪಿ ಏರಿದ್ದು. ಮಾತ್ರೆ ಕೊಟ್ಟು ಬಿಪಿ ಇಳಿಸಿದರೆ ತಾಯಿಯ ಮೆದುಳಿನ ರಕ್ತನಾಳ ಒಡೆಯುವುದು ತಪ್ಪುತ್ತದೆ, ರೋಗ ಮಾಸಿನಲ್ಲಿ ಹಾಗೇ ಇರುತ್ತದೆ. "ಮಾತ್ರೆಯಿಂದ 130/80 ಆಯಿತು, ಇನ್ನು ಪರೀಕ್ಷೆ ಬೇಡ" ಅನ್ನುವವರಿಗೆ ಇದನ್ನೇ ವಿವರಿಸಿ ಹೇಳಬೇಕು.

ಎಳೆಯುಸಿರು

ಮಗುವಿನ ಕಡೆಯದ್ದು ನಾನು ಸೇರಿಸುತ್ತೇನೆ.

ಒಳಗಿದ್ದಾಗ: ಬೆಳವಣಿಗೆ ಕುಂಠಿತ, ಗರ್ಭದ ನೀರು ಕಡಿಮೆ, ಮಾಸು ಹೆರಿಗೆಗೆ ಮೊದಲೇ ಕಳಚಿಕೊಳ್ಳುವುದು, ಹೊಟ್ಟೆಯಲ್ಲೇ ಮಗು ಹೋಗುವುದು. ಪೂರೈಕೆ ಕಡಿಮೆಯಾದಾಗ ಮಗು ಮೆದುಳಿಗೆ, ಹೃದಯಕ್ಕೆ ಮೊದಲು ರಕ್ತ ಕಳಿಸಿಕೊಂಡು ಕಿಡ್ನಿಗೆ ಕಡಿತ ಮಾಡುತ್ತದೆ. ಮೂತ್ರ ಕಡಿಮೆ, ಹಾಗಾಗಿ ಗರ್ಭದ ನೀರೂ ಕಡಿಮೆ. ತಲೆಯ ಸುತ್ತಳತೆ ಸರಿ ಇದ್ದು ಹೊಟ್ಟೆಯ ಸುತ್ತಳತೆ ಮೊದಲು ಹಿಂದೆ ಬೀಳುವುದೂ ಇದೇ ಕಾರಣಕ್ಕೆ, ಲಿವರ್‌ನಲ್ಲಿ ಸಂಗ್ರಹವಾಗುವ ಸಕ್ಕರೆ ಅಂಶ ಕರಗಿರುತ್ತದೆ.

ಬೆಳವಣಿಗೆಯ ಸ್ಕ್ಯಾನ್ ಎರಡು ವಾರಕ್ಕಿಂತ ಬೇಗ ಮಾಡಿದರೆ ಅರ್ಥವಿಲ್ಲ, ಯಂತ್ರದ ಅಳತೆಯ ತಪ್ಪೇ ಬೆಳವಣಿಗೆಗಿಂತ ದೊಡ್ಡದಿರುತ್ತದೆ. ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಮತ್ತು ಗರ್ಭದ ನೀರಿನ ಪ್ರಮಾಣ ಬೇಕಾದರೆ ವಾರಕ್ಕೊಮ್ಮೆ, ಕೆಟ್ಟಿದ್ದರೆ ಇನ್ನೂ ಬೇಗ. ಹೊಕ್ಕುಳಬಳ್ಳಿಯ ನಾಳದಲ್ಲಿ ಹೃದಯದ ಎರಡು ಬಡಿತದ ನಡುವೆಯೂ ರಕ್ತ ಮಾಸಿನ ಕಡೆ ಹರಿಯುತ್ತಿರಬೇಕು. ಅದು ನಿಂತರೆ ಸಾಮಾನ್ಯವಾಗಿ 34 ವಾರ ದಾಟಲು ಬಿಡುವುದಿಲ್ಲ, ಹಿಮ್ಮುಖವಾದರೆ 32 ದಾಟಲು ಬಿಡುವುದಿಲ್ಲ.

ಮಗುವಿನ ಓಡಾಟಕ್ಕೆ "ಇಷ್ಟು ಗಂಟೆಗೆ ಹತ್ತು" ಅಂತ ಎಲ್ಲರಿಗೂ ಒಂದೇ ಲೆಕ್ಕ ಕೊಡುವುದಕ್ಕಿಂತ, ಆ ಮಗುವಿನ ರೂಢಿಗಿಂತ ಕಡಿಮೆಯಾದರೆ ಅದೇ ದಿನ ಬನ್ನಿ ಎನ್ನುವುದು ಮೇಲು.

ಹುಟ್ಟಿದ ಮೇಲೆ: ಸಣ್ಣ ಮಗುವಿಗೆ ಮೈ ತಣ್ಣಗಾಗುವುದು ಮತ್ತು ಸಕ್ಕರೆ ಇಳಿಯುವುದು ಒಟ್ಟೊಟ್ಟಿಗೆ ಬರುತ್ತವೆ. ಒರೆಸಿ, ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗಿಸಿ, ಒಂದು ಗಂಟೆಯೊಳಗೆ ಹಾಲು ಕುಡಿಸಿ, ಆಮೇಲೆ ಸಕ್ಕರೆ ನೋಡಿ. ತಾಯಿ ಲ್ಯಾಬೆಟಲಾಲ್ ತೆಗೆದುಕೊಂಡಿದ್ದರೆ ಸಕ್ಕರೆ, ಹೃದಯ ಬಡಿತ ಎರಡನ್ನೂ ಮೊದಲ ದಿನ ಗಮನಿಸಬೇಕು. ತಾಯಿಗೆ ಮ್ಯಾಗ್ನೀಸಿಯಂ ಹೋಗಿದ್ದರೆ ಮಗು ಮೆತ್ತಗಿರಬಹುದು, ಉಸಿರು ನಿಧಾನವಿರಬಹುದು. ಪ್ಲೇಟ್‌ಲೆಟ್, ಬಿಳಿ ರಕ್ತಕಣ ಕಡಿಮೆ ಇರುವುದು ಹೆಚ್ಚಾಗಿ ತಾನೇ ಸರಿಹೋಗುತ್ತದೆ.

ನಾಡಿಮಿಡಿತ

ಒಂದು ಮಾತು ಸೇರಿಸಬೇಕು. ದಿನ ತುಂಬುವ ಹೊತ್ತಿಗೆ ಬರುವ ಪ್ರೀ-ಎಕ್ಲಾಂಪ್ಸಿಯದಲ್ಲಿ ಮಗುವಿನ ತೂಕ ಪೂರ್ತಿ ಸರಿಯಿರಬಹುದು. ಸ್ಕ್ಯಾನ್ ಚೆನ್ನಾಗಿದೆ ಅಂದಮಾತ್ರಕ್ಕೆ ತಾಯಿ ಸುರಕ್ಷಿತ ಅಂತಲ್ಲ.

ಮಾತ್ರೆಪೆಟ್ಟಿಗೆ

ಮಾತ್ರೆಗಳ ವಿಷಯ. ಇಲ್ಲಿ ಬರೆಯುವುದು ಕಾರ್ಯಕರ್ತೆಯರು ಚೀಟಿ ಓದಿ ಅರ್ಥ ಮಾಡಿಕೊಳ್ಳಲಿ ಅಂತ, ತಾವೇ ಕೊಡಲಿ ಅಂತಲ್ಲ.

ಗರ್ಭದಲ್ಲಿ ನಡೆಯುವುದು ಮೂರು: ಲ್ಯಾಬೆಟಲಾಲ್, ನಿಧಾನವಾಗಿ ಬಿಡುಗಡೆಯಾಗುವ ನಿಫೆಡಿಪಿನ್, ಮಿಥೈಲ್‌ಡೋಪಾ. ಲ್ಯಾಬೆಟಲಾಲ್ 100 ಮಿ.ಗ್ರಾಂ. ದಿನಕ್ಕೆರಡು ಸಲದಿಂದ ಶುರು. ಅಸ್ತಮಾ ಇದ್ದವರಿಗೆ ಬೇಡ. ನಿಫೆಡಿಪಿನ್ ಆದರೆ ತಲೆನೋವು, ಮುಖ ಕೆಂಪೇರುವುದು ಇರುತ್ತದೆ, ಆ ತಲೆನೋವನ್ನು ರೋಗದ ತಲೆನೋವಿನಿಂದ ಬೇರ್ಪಡಿಸುವುದು ಕಷ್ಟ, ಆದ್ದರಿಂದ ಬಿಪಿ ನೋಡದೆ "ಮಾತ್ರೆಯದ್ದು" ಅನ್ನಬೇಡಿ. ಮಿಥೈಲ್‌ಡೋಪಾ 250 ಮಿ.ಗ್ರಾಂ. ದಿನಕ್ಕೆ ಎರಡು-ಮೂರು ಸಲ. ನಿದ್ದೆ ತರುತ್ತದೆ, ಮನಸ್ಸು ಕುಗ್ಗಿಸುತ್ತದೆ, ಬಾಣಂತನದಲ್ಲಿ ಬದಲಾಯಿಸುವುದು ಅದಕ್ಕೇ.

ಕೂಡದ್ದು: ಎನಾಲಾಪ್ರಿಲ್, ರಾಮಿಪ್ರಿಲ್ ಥರ "ಪ್ರಿಲ್" ಎಂದು ಮುಗಿಯುವವು, ಟೆಲ್ಮಿಸಾರ್ಟಾನ್, ಲೊಸಾರ್ಟಾನ್ ಥರ "ಸಾರ್ಟಾನ್" ಎಂದು ಮುಗಿಯುವವು. ಎರಡನೇ, ಮೂರನೇ ತ್ರೈಮಾಸಿಕದಲ್ಲಿ ಇವು ಮಗುವಿನ ಕಿಡ್ನಿಯನ್ನು ಕೆಡಿಸಿ ಗರ್ಭದ ನೀರನ್ನು ಒಣಗಿಸುತ್ತವೆ. ಹಳೆಯ ಬಿಪಿ ಇದ್ದು ಮಗು ಬೇಕೆನ್ನುವವರ ಮಾತ್ರೆ ಚೀಟಿಯಲ್ಲಿ ಇವಿದ್ದರೆ ಮೊದಲೇ ಬದಲಿಸಬೇಕು. ಅಟೆನೊಲಾಲ್ ಕೂಡ ಬೇಡ, ಮಗುವಿನ ತೂಕ ತಗ್ಗಿಸುತ್ತದೆ. ಒಂದು ಎಚ್ಚರಿಕೆ: ಬಸಿರು ಗೊತ್ತಾದ ದಿನ "ಮಾತ್ರೆ ಮಗುವಿಗೆ ಕೆಟ್ಟದ್ದು" ಅಂತ ಎಲ್ಲವನ್ನೂ ತಾವೇ ನಿಲ್ಲಿಸಿ ತಿಂಗಳು ಕಾಯುವುದು ಇನ್ನೂ ಕೆಟ್ಟದ್ದು. ಬದಲಾಯಿಸಬೇಕು, ಬಿಡಬಾರದು.

ಹೊಸಚಿಗುರು

ಬಿಪಿ ತೀರ ಇಳಿಸಿದರೆ ಮಗುವಿಗೆ ರಕ್ತ ಸಾಲದು, ಅದಕ್ಕೇ 150/100 ದಾಟುವ ತನಕ ಮಾತ್ರೆ ಬೇಡ ಎಂದು ಹಿರಿಯರು ಹೇಳುತ್ತಿದ್ದರಲ್ಲ ಸರ್?

ಲೆಕ್ಕಪತ್ರ

ಬಹಳ ಕಾಲ ಹಾಗೇ ನಡೆಯಿತು. ಅಂಜಿಕೆಗೆ ಕಾರಣವೂ ಇತ್ತು. ಎರಡು ದೊಡ್ಡ ಅಧ್ಯಯನ ಅದನ್ನು ಬದಲಿಸಿದವು. 2015ರ ಚಿಪ್ಸ್‌ನಲ್ಲಿ ಕೆಳಗಿನ ಅಂಕಿಯನ್ನು 85ಕ್ಕೆ ತರುವ ಗುಂಪು, 100ರಲ್ಲಿ ಬಿಡುವ ಗುಂಪು ಎಂದು ಹೋಲಿಸಿದರು. ಮಗುವಿನ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ತಾಯಿಗೆ ತೀವ್ರ ಬಿಪಿ ಬಂದದ್ದು ಬಿಗಿ ನಿಯಂತ್ರಣದಲ್ಲಿ ನೂರಕ್ಕೆ 27.5, ಸಡಿಲ ನಿಯಂತ್ರಣದಲ್ಲಿ 40.6. 2022ರ ಚಾಪ್ ಹಳೆಯ ಬಿಪಿಯ 2,400 ಚಿಲ್ಲರೆ ಬಸುರಿಯರದ್ದು. 140/90ಕ್ಕೇ ಮಾತ್ರೆ ಕೊಟ್ಟವರಲ್ಲಿ ತೀವ್ರ ಪ್ರೀ-ಎಕ್ಲಾಂಪ್ಸಿಯ, ಕಾಯಿಲೆಯ ಕಾರಣಕ್ಕೆ 35 ವಾರದೊಳಗಿನ ಹೆರಿಗೆ, ಮಾಸು ಕಳಚುವುದು, ಮಗು ಸಾಯುವುದು ಎಲ್ಲ ಸೇರಿ ನೂರಕ್ಕೆ 30, ಕಾಯ್ದವರಲ್ಲಿ 37. ಸಣ್ಣ ಮಕ್ಕಳ ಸಂಖ್ಯೆ ಏರಲಿಲ್ಲ.

ಗುರಿ 135/85ರ ಸುತ್ತ. ಕೆಳಗಿನ ಅಂಕಿ 80ಕ್ಕಿಂತ ಇಳಿದರೆ ಮಾತ್ರೆ ಕಡಿಮೆ ಮಾಡುತ್ತಾರೆ. ಅಂಜಿಕೆಗೆ ಜಾಗ ಇರುವುದು ಒಂದೇ ಕಡೆ: 170/115 ಇದ್ದವಳನ್ನು ಅರ್ಧ ಗಂಟೆಯಲ್ಲಿ 110/70ಕ್ಕೆ ಎಳೆದರೆ ಮಗುವಿನ ಹೃದಯ ಬಡಿತ ಕುಸಿಯುತ್ತದೆ. ಅಲ್ಲಿ 140-150/90-100ಕ್ಕೆ ತಂದು ನಿಲ್ಲಿಸಬೇಕು.

ನಾಡಿಮಿಡಿತ

160/110ರ ವಿಷಯಕ್ಕೆ ಬಂದದ್ದು ಒಳ್ಳೆಯದಾಯಿತು. ಖಚಿತವಾದ ಮೇಲೆ 30ರಿಂದ 60 ನಿಮಿಷದೊಳಗೆ ಮೊದಲ ಡೋಸ್ ಹೋಗಬೇಕು, ಮೆದುಳಿನ ರಕ್ತಸ್ರಾವ ತಪ್ಪಿಸುವ ಹೊತ್ತು ಅದೇ. ನಿಫೆಡಿಪಿನ್ 10 ಮಿ.ಗ್ರಾಂ. ಬಾಯಲ್ಲಿ ನುಂಗಿಸಿ, 20 ನಿಮಿಷಕ್ಕೆ ಮತ್ತೆ ನೋಡಿ, ಬೇಕಾದರೆ ಇನ್ನೊಂದು. ನಾಲಿಗೆ ಕೆಳಗೆ ಇಡುವುದು, ಕ್ಯಾಪ್ಸೂಲ್ ಚುಚ್ಚಿ ಹಿಂಡುವುದು ಬೇಡ. ರಕ್ತನಾಳದ ಮೂಲಕವಾದರೆ ಲ್ಯಾಬೆಟಲಾಲ್ 20, ಹತ್ತು ನಿಮಿಷಕ್ಕೆ 40, ಆಮೇಲೆ 80, ಅಥವಾ ಹೈಡ್ರಲಜಿನ್ 5 ಮಿ.ಗ್ರಾಂ. ಯಾವುದು ಕೈಗೆ ಸಿಗುತ್ತದೋ ಅದೇ ಒಳ್ಳೆಯದು. ಯಾವುದು ಶ್ರೇಷ್ಠ ಅಂತ ಚರ್ಚೆ ಮಾಡುತ್ತ ಗಂಟೆ ಕಳೆಯುವುದು ನಿಜವಾದ ಅಪಾಯ.

ಸಲೈನ್ ಬಾಟಲಿ ಸುರಿಯಬೇಡಿ. ಸೋರುವ ರಕ್ತನಾಳ ಇದ್ದವಳಿಗೆ ಎಲ್ಲ ದ್ರವ ಸೇರಿ ಗಂಟೆಗೆ 80 ಮಿ.ಲೀ. ಸಾಕು. ಮೂತ್ರ ಕಡಿಮೆ ಬಂತು ಅಂತ ಎರಡು ಬಾಟಲಿ ಏರಿಸಿದರೆ ಕಿಡ್ನಿಗೆ ಹೋಗದೆ ಶ್ವಾಸಕೋಶಕ್ಕೆ ಹೋಗುತ್ತದೆ.

ಅಪಾಯದ ಲಕ್ಷಣ ಹೇಳಿಕೊಡುವಾಗ ಮೇಲ್ಹೊಟ್ಟೆ ನೋವಿನ ಮೇಲೆ ಒತ್ತು ಕೊಡಿ. ತಲೆನೋವು, ಕಣ್ಣು ಮಂಜಾಗುವುದು, ಮಿಂಚು ಕಾಣುವುದು ಎಲ್ಲರಿಗೂ ಗೊತ್ತು. ಎದೆಗೂಡಿನ ಕೆಳಗೆ ಅಥವಾ ಬಲಪಕ್ಕೆಯಲ್ಲಿ ನೋವು, ವಾಂತಿ, "ಏನೋ ಸರಿ ಇಲ್ಲ" ಎನ್ನುವ ಸಂಕಟ, ಇದನ್ನು ಗ್ಯಾಸ್ಟ್ರಿಕ್ ಅಂತ ಆಂಟಾಸಿಡ್ ಕೊಟ್ಟು ಕಳಿಸುತ್ತಾರೆ. ಹೆಲ್ಪ್ ಸಿಂಡ್ರೋಮ್ ಹೀಗೇ ಬರುತ್ತದೆ: ಕೆಂಪು ರಕ್ತಕಣ ಒಡೆಯುತ್ತದೆ, ಲಿವರ್ ಎಂಜೈಮ್ ಏರುತ್ತದೆ, ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗೆ ಇಳಿಯುತ್ತದೆ. ಬಿಪಿ ಆಗ 138/88 ಕೂಡ ಇರಬಹುದು! 20 ವಾರ ದಾಟಿದ ಬಸುರಿಗೆ ಮೇಲ್ಹೊಟ್ಟೆ ನೋವು ಅಂದರೆ ಬಿಪಿ, ಪ್ಲೇಟ್‌ಲೆಟ್, ಲಿವರ್ ಎಂಜೈಮ್ ನೋಡದೆ ಗ್ಯಾಸ್ಟ್ರಿಕ್ ಅನ್ನುವಂತಿಲ್ಲ.

ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ಬಿಡದೆ ನೋಯುತ್ತಿದ್ದರೆ, ರಕ್ತ ಹೋದರೂ ಹೋಗದಿದ್ದರೂ, ಮಾಸು ಕಳಚಿರಬಹುದು. ರಕ್ತ ಒಳಗೇ ನಿಂತಿರುತ್ತದೆ.

ಪಾದರಸ

ಮ್ಯಾಗ್ನೀಸಿಯಂ ಸಲ್ಫೇಟ್ ಬಗ್ಗೆ ಯಾರೂ ಬರೆದಿಲ್ಲ, ನಾನೇ ಬರೆಯುತ್ತೇನೆ. ಇದು ಬಿಪಿ ಇಳಿಸುವ ಔಷಧ ಅಲ್ಲ, ಫಿಟ್ಸ್ ತಡೆಯಲು ಮತ್ತು ಬಂದ ಫಿಟ್ಸ್ ಮರುಕಳಿಸದಿರಲು. 1995ರ ದೊಡ್ಡ ಅಧ್ಯಯನ ಡಯಾಜೆಪಾಮ್, ಫೆನಿಟಾಯಿನ್ ಎರಡಕ್ಕಿಂತ ಇದೇ ಮೇಲು ಎಂದು ತೋರಿಸಿತು. 2002ರ ಮ್ಯಾಗ್‌ಪೈ, 33 ದೇಶಗಳ ಸುಮಾರು 10,000 ಹೆಂಗಸರದ್ದು, ಫಿಟ್ಸ್ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ ಎಂದು ತೋರಿಸಿತು.

ಸ್ನಾಯು ಮೂಲಕ ಕೊಡುವ ಕ್ರಮದಲ್ಲಿ ಮೊದಲ ಡೋಸ್ ಒಟ್ಟು 14 ಗ್ರಾಂ: 4 ಗ್ರಾಂ ರಕ್ತನಾಳಕ್ಕೆ ನಿಧಾನವಾಗಿ, 5 ಗ್ರಾಂ ಒಂದೊಂದು ಪಿರ್ರೆಗೆ ಆಳವಾಗಿ. ಆಮೇಲೆ ನಾಲ್ಕು ಗಂಟೆಗೊಮ್ಮೆ 5 ಗ್ರಾಂ, ಪಿರ್ರೆ ಬದಲಾಯಿಸುತ್ತ. ಲೆಕ್ಕ ತಪ್ಪುವುದು ಆಂಪ್ಯೂಲ್‌ನಲ್ಲಿ. 50% ಆಂಪ್ಯೂಲ್ 2 ಮಿ.ಲೀ. ಅಂದರೆ 1 ಗ್ರಾಂ. ರಕ್ತನಾಳದ 4 ಗ್ರಾಂಗೆ ನಾಲ್ಕು ಆಂಪ್ಯೂಲ್, ಅಂದರೆ 8 ಮಿ.ಲೀ., ಜೊತೆಗೆ 12 ಮಿ.ಲೀ. ಸಲೈನ್, ಒಟ್ಟು 20 ಮಿ.ಲೀ. ಈಗ ಅದು 20% ಆಯಿತು. 50% ದ್ರಾವಣವನ್ನು ನೇರ ರಕ್ತನಾಳಕ್ಕೆ ಎಂದೂ ತಳ್ಳಬಾರದು. ಪಿರ್ರೆಗೆ ಐದೈದು ಆಂಪ್ಯೂಲ್ ಹಾಗೇ, ಜೊತೆ 2% ಲಿಗ್ನೊಕೇನ್ 1 ಮಿ.ಲೀ., ಇಲ್ಲದಿದ್ದರೆ ತಡೆಯಲಾಗದ ನೋವು. ಪಂಪ್ ಇದ್ದ ಕಡೆ 4 ಗ್ರಾಂ ಆದ ಮೇಲೆ ಗಂಟೆಗೆ 1 ಗ್ರಾಂ. ಹೆರಿಗೆ ಅಥವಾ ಕೊನೆಯ ಫಿಟ್ಸ್, ಯಾವುದು ಆಮೇಲೆ ಆಯಿತೋ ಅಲ್ಲಿಂದ 24 ಗಂಟೆ.

ಪ್ರತಿ ಮುಂದಿನ ಡೋಸಿಗೆ ಮೊದಲು ಮೂರು ನೋಡಿ: ಮಂಡಿ ತಟ್ಟಿದರೆ ಕಾಲು ಚಿಮ್ಮುತ್ತದೆಯೇ, ಉಸಿರು ನಿಮಿಷಕ್ಕೆ 16 ಇದೆಯೇ, ಮೂತ್ರ ಗಂಟೆಗೆ 30 ಮಿ.ಲೀ. ಬಂದಿದೆಯೇ. ಒಂದು ಇಲ್ಲದಿದ್ದರೂ ಡೋಸ್ ತಡೆಹಿಡಿಯಿರಿ. ಮೊದಲು ಹೋಗುವುದು ಮಂಡಿಯ ಚಿಮ್ಮು, ಉಸಿರು ನಿಲ್ಲುವುದು ಅದಾದ ಮೇಲೆ. ಹಾಗಾಗಿ ಸುತ್ತಿಗೆ ಇಲ್ಲದಿದ್ದರೆ ಅಂಗೈ ಅಂಚಿನಿಂದಾದರೂ ತಟ್ಟಿ ನೋಡಿ. ಉಸಿರು ಕುಗ್ಗಿದರೆ ಕ್ಯಾಲ್ಸಿಯಂ ಗ್ಲುಕೊನೇಟ್ 10% 10 ಮಿ.ಲೀ. ನಿಧಾನವಾಗಿ ರಕ್ತನಾಳಕ್ಕೆ. ಅದನ್ನು ಮ್ಯಾಗ್ನೀಸಿಯಂ ಟ್ರೇಯಲ್ಲೇ ಇಟ್ಟಿರಿ, ಬೀಗ ಹಾಕಿದ ಕಪಾಟಿನಲ್ಲಲ್ಲ.

ಫಿಟ್ಸ್ ಬಂದ ಕ್ಷಣ: ಎಡಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ಕೈಕಾಲು ಅದುಮಬೇಡಿ, ಆಮ್ಲಜನಕ ಕೊಡಿ, ಹೊತ್ತು ಬರೆದಿಡಿ. ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲು ಪಿರ್ರೆಗೆ 10 ಗ್ರಾಂ ಹೋಗಿಬಿಡಲಿ. ಡೋಸ್, ವೇಳೆ ಎರಡನ್ನೂ ಚೀಟಿಯಲ್ಲಿ ಬರೆಯದಿದ್ದರೆ ಅಲ್ಲಿಯವರು ಮತ್ತೆ ಪೂರ್ತಿ ಡೋಸ್ ಕೊಡುತ್ತಾರೆ.

ಹೊಸಚಿಗುರು

ಹೆರಿಗೆ ಯಾವಾಗ ಮಾಡಿಸಬೇಕು?

ತುಂಬುತಿಂಗಳು

ಚುಟುಕಾಗಿ: ತೀವ್ರ ಲಕ್ಷಣ ಇಲ್ಲದಿದ್ದರೆ 37 ವಾರ, ತೀವ್ರವಾದರೆ 34. ಹಳೆಯ ಬಿಪಿ ಮಾತ್ರೆಯಲ್ಲಿ ಹತೋಟಿಯಲ್ಲಿದ್ದರೆ 38-39. ಫಿಟ್ಸ್, ಹೆಲ್ಪ್, ಮಾಸು ಕಳಚಿದ್ದು, ಶ್ವಾಸಕೋಶಕ್ಕೆ ನೀರು, ಎಷ್ಟು ಮಾತ್ರೆ ಕೊಟ್ಟರೂ ಇಳಿಯದ ಬಿಪಿ, ಇವಿದ್ದರೆ ವಾರ ಲೆಕ್ಕ ಹಾಕುವುದಿಲ್ಲ, ತಾಯಿಯನ್ನು ಸ್ಥಿರಗೊಳಿಸಿ ಹೆರಿಗೆ. 34 ವಾರದೊಳಗಾದರೆ ಮಗುವಿನ ಶ್ವಾಸಕೋಶಕ್ಕೆ ಸ್ಟೀರಾಯ್ಡ್: ಬೀಟಾಮೆಥಸೋನ್ 12 ಮಿ.ಗ್ರಾಂ. 24 ಗಂಟೆ ಅಂತರದಲ್ಲಿ ಎರಡು, ಅಥವಾ ಡೆಕ್ಸಾಮೆಥಸೋನ್ 6 ಮಿ.ಗ್ರಾಂ. 12 ಗಂಟೆಗೊಮ್ಮೆ ನಾಲ್ಕು. ಬಿಪಿ ಇದೆ ಅಂದಮಾತ್ರಕ್ಕೆ ಸಿಸೇರಿಯನ್ ಬೇಕಿಲ್ಲ. ಮಗು ಹೊರಬಂದ ಮೇಲೆ ಆಕ್ಸಿಟೋಸಿನ್ 10 ಯೂನಿಟ್ ಸರಿ, ಮೆಥೈಲ್ ಎರ್ಗೊಮೆಟ್ರಿನ್ ಬೇಡ, ಅದು ಬಿಪಿಯನ್ನು ಒಮ್ಮೆಲೇ ಏರಿಸುತ್ತದೆ.

ನಾಡಿಮಿಡಿತ

"ಮಾಸು ಬಿತ್ತು, ರೋಗ ಹೋಯಿತು" ಎನ್ನುವ ನಂಬಿಕೆ ಆಸ್ಪತ್ರೆಗಳಲ್ಲೂ ಇದೆ. ಹೆರಿಗೆಯಾದ ಮೂರರಿಂದ ಆರನೇ ದಿನದ ನಡುವೆ ಬಿಪಿ ಮತ್ತೆ ತುದಿಗೇರುತ್ತದೆ, ಬಸಿರಿನಲ್ಲಿ ಮೈಯಲ್ಲಿ ತುಂಬಿದ ನೀರು ರಕ್ತನಾಳಕ್ಕೆ ಮರಳುವ ಹೊತ್ತು ಅದು. ಬಾಣಂತಿ ಆ ವೇಳೆಗೆ ಮನೆ ಸೇರಿರುತ್ತಾಳೆ, ತಲೆನೋವಾದರೆ ನಿದ್ದೆಗೆಟ್ಟದ್ದಕ್ಕೆ ಅಂತಾರೆ, ಬೆನ್ನಿಗೆ ಚುಚ್ಚಿದ್ದಕ್ಕೆ ಅಂತಾರೆ. ಮೊದಲ ಮೂರು ದಿನದಲ್ಲಿ ಒಮ್ಮೆ, 7-10ನೇ ದಿನಕ್ಕೆ ಒಮ್ಮೆ ಬಿಪಿ ನೋಡಲೇಬೇಕು. ಬಸಿರಿನಲ್ಲಿ ಒಮ್ಮೆಯೂ ಬಿಪಿ ಏರದವರಿಗೂ ಬಾಣಂತನದಲ್ಲಿ ಪ್ರೀ-ಎಕ್ಲಾಂಪ್ಸಿಯ ಬರಬಹುದು, ಆರು ವಾರದವರೆಗೂ. ಎದೆಹಾಲಿಗೆ ಲ್ಯಾಬೆಟಲಾಲ್, ನಿಫೆಡಿಪಿನ್, ಎನಾಲಾಪ್ರಿಲ್ ಅಡ್ಡಿಯಿಲ್ಲ. ಮಾತ್ರೆಪೆಟ್ಟಿಗೆಯವರು ಮೇಲೆ ಬೇಡ ಅಂದ ಎನಾಲಾಪ್ರಿಲ್ ಈಗ ಸರಿ, ಕಾರ್ಯಕರ್ತೆಯರಿಗೆ ಗೊಂದಲವಾಗದಿರಲಿ.

12 ವಾರವಾದರೂ ಇಳಿಯದಿದ್ದರೆ ಅದು ಹಳೆಯ ಬಿಪಿಯೇ. ಇಳಿದರೂ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಮುಂದಿನ ಬದುಕಿನಲ್ಲಿ ಸುಮಾರು ಎರಡು ಪಟ್ಟು ಇರುತ್ತದೆ. ವರ್ಷಕ್ಕೊಮ್ಮೆ ಬಿಪಿ ನೋಡಿಸಿಕೊಳ್ಳಿ ಎಂದು ಬಿಡುಗಡೆ ಚೀಟಿಯಲ್ಲಿ ಬರೆದು ಕೊಡಿ.

ಲೆಕ್ಕಪತ್ರ

ಮುಂದಿನ ಬಸಿರಿಗೆ: ಪ್ರೀ-ಎಕ್ಲಾಂಪ್ಸಿಯ ಮತ್ತೆ ಬರುವ ಸಾಧ್ಯತೆ ಆರರಲ್ಲಿ ಒಂದು, ಹಿಂದಿನ ಸಲ 34 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗಿದ್ದರೆ ಮೂರರಲ್ಲಿ ಒಂದು. ಇಂಥವರಿಗೆ, ಹಾಗೆಯೇ ಹಳೆಯ ಬಿಪಿ, ಸಕ್ಕರೆ ಕಾಯಿಲೆ, ಕಿಡ್ನಿ ಕಾಯಿಲೆ, ಲೂಪಸ್, ಅವಳಿ ಇರುವವರಿಗೆ ಕಡಿಮೆ ಡೋಸ್ ಆಸ್ಪಿರಿನ್, 12ನೇ ವಾರದಿಂದ, 16 ದಾಟುವ ಮೊದಲೇ. 75ರಿಂದ 150 ಮಿ.ಗ್ರಾಂ., ರಾತ್ರಿ. 2017ರ ಆಸ್ಪ್ರೆ ಅಧ್ಯಯನದಲ್ಲಿ 150 ಮಿ.ಗ್ರಾಂ. ಕೊಟ್ಟಾಗ 37 ವಾರಕ್ಕೆ ಮೊದಲೇ ಬರುವ ಪ್ರೀ-ಎಕ್ಲಾಂಪ್ಸಿಯ ನೂರಕ್ಕೆ 4.3ರಿಂದ 1.6ಕ್ಕೆ ಇಳಿಯಿತು. 30ನೇ ವಾರದಲ್ಲಿ ಬಿಪಿ ಏರಿದ ಮೇಲೆ ಆಸ್ಪಿರಿನ್ ಶುರು ಮಾಡಿ ಉಪಯೋಗವಿಲ್ಲ, ರಕ್ತನಾಳಗಳ ಕಥೆ ಅಷ್ಟರಲ್ಲಿ ಮುಗಿದಿರುತ್ತದೆ. ಉಪ್ಪು ಬಿಡುವುದು, ಹಾಸಿಗೆ ಹಿಡಿದು ಮಲಗುವುದು, ವಿಟಮಿನ್ ಸಿ-ಇ ಮಾತ್ರೆ, ಇವು ತಡೆಯುವುದಿಲ್ಲ. ಮಲಗೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ.

ಹೊಸಚಿಗುರು

ಕ್ಯಾಲ್ಸಿಯಂ? ದಿನಕ್ಕೆ ಮೂರು ಮಾತ್ರೆ ಅಂದರೆ ಯಾರೂ ನುಂಗುವುದಿಲ್ಲ.

ಮಾತ್ರೆಪೆಟ್ಟಿಗೆ

ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಕಡೆ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದದ್ದು ದಿನಕ್ಕೆ 1.5ರಿಂದ 2 ಗ್ರಾಂ. ಭಾರತ ಮತ್ತು ಟಾಂಜಾನಿಯಾದಲ್ಲಿ ತಲಾ 11,000 ಚೊಚ್ಚಲ ಬಸುರಿಯರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರೀ-ಎಕ್ಲಾಂಪ್ಸಿಯ ತಡೆಯುವುದರಲ್ಲಿ 500 ಮಿ.ಗ್ರಾಂ. 1,500ಕ್ಕಿಂತ ಹಿಂದೆ ಬೀಳಲಿಲ್ಲ. ಅಂದರೆ ನುಂಗದ ಮೂರಕ್ಕಿಂತ ನುಂಗುವ ಒಂದೇ ವಾಸಿ ಅನ್ನಲು ಆಧಾರ ಇದೆ. ಡಬ್ಬದ ಮೇಲಿನ ಅಂಕಿ ನೋಡುವಾಗ ಎಚ್ಚರ: ಕ್ಯಾಲ್ಸಿಯಂ ಕಾರ್ಬೊನೇಟ್ 1,250 ಮಿ.ಗ್ರಾಂ. ಅಂದರೆ ಶುದ್ಧ ಕ್ಯಾಲ್ಸಿಯಂ 500. ಕಾರ್ಬೊನೇಟ್ ಆದರೆ ಊಟದ ಜೊತೆ. ಕಬ್ಬಿಣದ ಮಾತ್ರೆಯ ಜೊತೆ ಒಟ್ಟಿಗೆ ಬೇಡ, ಕೆಲವು ಗಂಟೆ ಅಂತರವಿರಲಿ.